ಹದಿನಾಲ್ಕು ದಿನದ ಗುಳಿಗೆ: ಗೋವಾದಲ್ಲಿ ದುಡಿಯುವವರ ಆರೋಗ್ಯ ಯಾರ ಕೈಯಲ್ಲಿದೆ?

ಎರಡು ಮಳೆಗಾಲದ ಹಿಂದಿನ ಮಾತು. ವಾಸ್ಕೋದಿಂದ ವೆರ್ಣಾ ಕಡೆ ಹೋಗುವ ದಾರಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಬಗಲಿಗೇ ಇನ್ನೊಂದು ಕಟ್ಟಡ ಏಳುತ್ತಿತ್ತು. ಕೆಲಸಗಾರರ ತಗಡಿನ ಶೆಡ್ಡುಗಳಲ್ಲಿ ಇದ್ದವರು ಹೆಚ್ಚುಕಡಿಮೆ ಎಲ್ಲ ಬಾಗಲಕೋಟೆ, ಕೊಪ್ಪಳದ ಕಡೆಯವರು. ಒಂದು ಸಂಜೆ ಆರೋಗ್ಯ ಕೇಂದ್ರದ ಸಿಸ್ಟರ್ ಒಬ್ಬರು ರಿಜಿಸ್ಟರ್ ಹಿಡಿದುಕೊಂಡು ಅಲ್ಲಿ ನಿಂತಿದ್ದರು. ವಾರದ ಹಿಂದೆ ಮಲೇರಿಯಾ ಎಂದು ಗೊತ್ತಾಗಿ ಗುಳಿಗೆ ಪಡೆದ ಹೆಣ್ಣುಮಗಳೊಬ್ಬಳನ್ನು ನೋಡಲು ಬಂದಿದ್ದರು. ಅವಳು ಆರಾಮಾಗಿದ್ದಳು. ಎರಡನೇ ಮಹಡಿಯಿಂದ ಖಾಲಿ ಬುಟ್ಟಿ ಹಿಡಿದು ಇಳಿದು ಬಂದಳು. ಗುಳಿಗೆಯ ಪಟ್ಟಿ ತೋರಿಸು ಎಂದಾಗ ಶೆಡ್ಡಿನ ಒಳಗಿಂದ ತಂದು ಕೊಟ್ಟಳು. ಅರ್ಧಕ್ಕಿಂತ ಹೆಚ್ಚು ಗುಳಿಗೆ ಹಾಗೇ ಉಳಿದಿದ್ದವು. ಸಿಸ್ಟರ್ ಹಿಂದಿಯಲ್ಲಿ ಗದರಿದರು. ಅವಳು ಕಂಗಾಲಾಗಿ ನನ್ನ ಕಡೆ ತಿರುಗಿದಳು.

"ಅಕ್ಕಾರ, ಅವ್ರು ಹೇಳಿದ್ಹಂಗ ನಾಕ್ ದಿನ ತಪ್ಪದ ತಗೊಂಡೀನ್ರಿ. ಚಾರ್ ದಿನ್ ಅಂದಿದ್ರಲ್ರಿ?"

ಸಿಸ್ಟರ್ ಅಂದದ್ದು ಚೌದಾ ದಿನ್. ಹದಿನಾಲ್ಕು.

ಆ ಸಿಸ್ಟರ್ ಮೈಗಳ್ಳರಲ್ಲ. ಸುರಿಯುವ ಮಳೆಯಲ್ಲಿ ಸ್ಕೂಟರ್ ಓಡಿಸಿಕೊಂಡು, ಕೆಸರು ತುಳಿದು, ಒಬ್ಬ ರೋಗಿಗಾಗಿ ಬಂದವರು. ಇವಳೂ ಉಡಾಫೆಯವಳಲ್ಲ. ಕಿವಿಗೆ ಬಿದ್ದಷ್ಟನ್ನು ಚಾಚೂ ತಪ್ಪದೆ ಮಾಡಿದ್ದಾಳೆ. ಇಬ್ಬರೂ ತಮ್ಮ ಕೆಲಸ ಮಾಡಿದ್ದರೂ ರೋಗ ಮಾತ್ರ ಒಳಗೇ ಉಳಿಯಿತು. ಸಾರ್ವಜನಿಕ ಆರೋಗ್ಯದ ಸಿಬ್ಬಂದಿಗೆ ತರಬೇತಿ ಕೊಡಬೇಕು, ಬೆಂಬಲ ಕೊಡಬೇಕು ಎಂಬ ಮಾತು ಸರ್ಕಾರಿ ಸಭೆಗಳಲ್ಲಿ ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಗುಳಿಗೆಯ ಪಟ್ಟಿ.

ಹದಿನಾಲ್ಕು ದಿನ ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಮಲೇರಿಯಾ ಎರಡು ಬಗೆ: ವೈವಾಕ್ಸ್ ಮತ್ತು ಫಾಲ್ಸಿಪಾರಂ. ವೈವಾಕ್ಸ್‌ಗೆ ಮೂರು ದಿನ ಕ್ಲೋರೋಕ್ವಿನ್, ಜೊತೆಗೆ ಹದಿನಾಲ್ಕು ದಿನ ಪ್ರಿಮಾಕ್ವಿನ್ ಕೊಡುತ್ತಾರೆ. ಕ್ಲೋರೋಕ್ವಿನ್ ರಕ್ತದಲ್ಲಿರುವ ರೋಗಾಣುವನ್ನು ಕೊಲ್ಲುತ್ತದೆ, ಎರಡು ಮೂರು ದಿನಕ್ಕೆ ಜ್ವರ ಬಿಡುತ್ತದೆ. ಆದರೆ ವೈವಾಕ್ಸ್‌ನ ಒಂದು ಪಾಲು ಯಕೃತ್ತಿನಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎದ್ದು ಮತ್ತೆ ಚಳಿಜ್ವರ ತರುತ್ತದೆ. ಮಲಗಿರುವುದನ್ನು ಮುಗಿಸುವುದು ಪ್ರಿಮಾಕ್ವಿನ್. ಅಂದರೆ ಮೈ ಹಗುರಾಗಿ ಕೆಲಸಕ್ಕೆ ಹೊರಟ ಮೇಲೂ ಹತ್ತು ದಿನ ಗುಳಿಗೆ ನುಂಗಬೇಕು. ದಿನಗೂಲಿಯವರಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ. ಕೂತು, ಅವರ ಮಾತಿನಲ್ಲಿ, ಯಾಕೆ ಎಂದು ಹೇಳಬೇಕು.

ಇನ್ನೂ ಎರಡು ಮಾತಿವೆ. ಪ್ರಿಮಾಕ್ವಿನ್ ಬಸುರಿಯರಿಗೆ ಕೊಡುವಂತಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಅದು ರಕ್ತಕಣಗಳನ್ನು ಒಡೆಯುತ್ತದೆ. ಹಾಗಾಗಿ ಮೂತ್ರ ಕಪ್ಪಾದರೆ ಗುಳಿಗೆ ನಿಲ್ಲಿಸಿ ಕೂಡಲೇ ದವಾಖಾನೆಗೆ ಬರಬೇಕು. ಮೊದಲ ಸಲ ಗುಳಿಗೆ ಕೊಟ್ಟಾಗ ಇದನ್ನೆಲ್ಲ ಅವಳಿಗೆ ದಾಟಿಸಿದ್ದು ಯಾರು ಎಂದು ಕೇಳಿದೆ. ಮೇಸ್ತ್ರಿ, ಅಂದಳು. ಸೈಟಿನಲ್ಲಿ ಹಿಂದಿ ಚೆನ್ನಾಗಿ ಬರುವವನು ಅವನೊಬ್ಬನೇ. ಬಸುರಿದ್ದೀಯೇನು ಎಂಬ ಪ್ರಶ್ನೆಯನ್ನು ಸಿಸ್ಟರ್ ಕೇಳಿದ್ದರಂತೆ. ಅದನ್ನು ಮೇಸ್ತ್ರಿ ಅವಳಿಗೆ ಕೇಳಲೇ ಇಲ್ಲ. ಹತ್ತು ಗಂಡಸರ ಎದುರು, ಕೂಲಿ ಕೊಡುವವನ ಬಾಯಿಂದ ಆ ಪ್ರಶ್ನೆ ಬಂದಿದ್ದರೂ ಅವಳು ಏನು ಉತ್ತರ ಕೊಟ್ಟಾಳು? ಮೂತ್ರದ ಮಾತಂತೂ ಆ ದಿನ ನನ್ನಿಂದಲೇ ಅವಳು ಮೊದಲು ಕೇಳಿದ್ದು.

ಗೋವಾದ ಮಲೇರಿಯಾಕ್ಕೂ ಕಟ್ಟಡ ಕೆಲಸಕ್ಕೂ ಹಳೆಯ ನಂಟು. 1986ರಲ್ಲಿ ಪಣಜಿಯಲ್ಲಿ ಮಲೇರಿಯಾ ಊರೊಳಗೇ ಹರಡತೊಡಗಿತು. ಇದನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆಯಿಡುವುದು ತಿಳಿನೀರಿನಲ್ಲಿ: ಹೊಸ ಸ್ಲ್ಯಾಬ್ ಗಟ್ಟಿಯಾಗಲೆಂದು ಬದು ಕಟ್ಟಿ ನಿಲ್ಲಿಸಿದ ನೀರು, ಲಿಫ್ಟಿನ ಗುಂಡಿ, ಮುಚ್ಚಳವಿಲ್ಲದ ಟ್ಯಾಂಕು, ಬ್ಯಾರಲ್ಲು. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಬರಿದುಮಾಡಬೇಕು. ಕಟ್ಟಡ ಕಾರ್ಮಿಕರ ರಕ್ತ ತಪಾಸಣೆ ಮಾಡಿಸಿ ಹೆಲ್ತ್ ಕಾರ್ಡ್ ಕೊಡಿಸುವ ಹೊಣೆಯನ್ನು ಗೋವಾ ಕಾನೂನಿನ ಮೂಲಕವೇ ಗುತ್ತಿಗೆದಾರರ ಮೇಲೆ ಹೊರಿಸಿತು. ಮನೆಮನೆಗೆ, ಸೈಟು ಸೈಟಿಗೆ ಅಲೆದ ಕೆಲಸಗಾರರ ಬೆವರಿನಿಂದ ರೋಗ ಬಹಳ ಇಳಿಯಿತು. ಇದನ್ನು ಮನಸಾರೆ ಒಪ್ಪಿಕೊಳ್ಳಬೇಕು. ದೇಶದ ಗುರಿಯೂ ಹತ್ತಿರದಲ್ಲಿದೆ: 2027ರ ಹೊತ್ತಿಗೆ ಸ್ಥಳೀಯವಾಗಿ ಹರಡುವ ಮಲೇರಿಯಾ ಸೊನ್ನೆಯಾಗಬೇಕು, 2030ಕ್ಕೆ ನಿರ್ಮೂಲನೆ. ಪ್ರಕರಣ ಸಾವಿರಗಳಲ್ಲಿದ್ದಾಗ ಒಬ್ಬರು ಗುಳಿಗೆ ಬಿಟ್ಟರೆ ಲೆಕ್ಕಕ್ಕೆ ಬರುವುದಿಲ್ಲ. ಬೆರಳೆಣಿಕೆಗೆ ಇಳಿದಾಗ ಆ ಒಬ್ಬರಿಂದಲೇ ಮತ್ತೆ ಶುರುವಾಗಬಹುದು.

ಇಲ್ಲಿ ಕನ್ನಡದ ಓದುಗರಿಗೆ ಅಷ್ಟಾಗಿ ಗೊತ್ತಿಲ್ಲದ ಒಂದು ಸಂಗತಿ ಇದೆ. ಗೋವಾದಲ್ಲಿ ಆಶಾ ಕಾರ್ಯಕರ್ತೆಯರಿಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಶುರುವಾದ ಆಶಾ ಯೋಜನೆ ದೇಶದ ಬಹುತೇಕ ಎಲ್ಲೆಡೆ ಹಬ್ಬಿದರೂ ಈ ರಾಜ್ಯ ಅದನ್ನು ತೆಗೆದುಕೊಳ್ಳಲಿಲ್ಲ. ಚಿಕ್ಕ ರಾಜ್ಯ, ಆರೋಗ್ಯ ಕೇಂದ್ರಗಳು ಹತ್ತಿರ ಹತ್ತಿರ, ಓದುಬರಹ ಬಲ್ಲವರು ಹೆಚ್ಚು. ಗೋವಾದ ಹಳ್ಳಿಯವರಿಗೆ ಬಹುಶಃ ಅದರ ಕೊರತೆ ಕಾಣಿಸಲೂ ಇಲ್ಲ. ಆದರೆ ಆಶಾ ಎಂಬ ಹುದ್ದೆಯ ತಿರುಳೇ ಅವಳು ಅದೇ ಊರಿನವಳಾಗಿರಬೇಕು ಎನ್ನುವುದು. ಯಾರ ಮನೆಯ ಸೊಸೆಗೆ ಎಷ್ಟು ತಿಂಗಳು, ಯಾರ ಮಗುವಿಗೆ ಯಾವ ಲಸಿಕೆ ತಪ್ಪಿದೆ ಎಂಬುದು ರಿಜಿಸ್ಟರ್ ತೆರೆಯುವ ಮೊದಲೇ ಅವಳಿಗೆ ಗೊತ್ತಿರುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಹೆಣ್ಣುಮಕ್ಕಳನ್ನು ಗೌರವಿಸಿದ್ದೂ ಮನೆಗೂ ದವಾಖಾನೆಗೂ ನಡುವಿನ ಈ ಕೊಂಡಿಗಾಗಿಯೇ. ತಗಡಿನ ಶೆಡ್ಡಿನಲ್ಲಿ ಬದುಕುವವರಿಗೆ ಆ ಕೊಂಡಿ ಇಲ್ಲ. ಊರಿನಲ್ಲಿ ಆಶಾ ಅಕ್ಕ ಇದ್ದಾಳೆ, ಇವರು ಊರಿನಲ್ಲಿಲ್ಲ. ಇವರು ಗೋವಾದಲ್ಲಿದ್ದಾರೆ, ಇಲ್ಲಿ ಆಶಾ ಇಲ್ಲ.

2011ರ ಜನಗಣತಿಯಲ್ಲಿ ಗೋವಾದ ಸುಮಾರು 14.6 ಲಕ್ಷ ಜನರಲ್ಲಿ ಕನ್ನಡ ಮನೆಮಾತಿನವರು ಶೇ. 4.6ರಷ್ಟು. ಅಂದರೆ ಅರವತ್ತೈದು ಸಾವಿರಕ್ಕೂ ಮೇಲೆ. ಬೈನಾ, ಝುವಾರಿನಗರ, ಮಾಂಗೋರ್ ಹಿಲ್ ಕಡೆ ಹೋದರೆ ಕಿರಾಣಿ ಅಂಗಡಿಯಲ್ಲೂ ಉತ್ತರ ಕರ್ನಾಟಕದ ಕನ್ನಡವೇ ಕೇಳುತ್ತದೆ. ಇಲ್ಲಿ ಸರ್ಕಾರಿ ಕೆಲಸಕ್ಕೆ ಸಾಮಾನ್ಯವಾಗಿ ಹದಿನೈದು ವರ್ಷ ವಾಸವಿದ್ದ ದಾಖಲೆ ಬೇಕು, ಕೊಂಕಣಿ ಬರಬೇಕು. ಆ ನಿಯಮದ ಬಗ್ಗೆ ನನ್ನ ತಕರಾರಿಲ್ಲ. ಕೊಂಕಣಿಗರು ತಮ್ಮ ಭಾಷೆಗಾಗಿ ಎಷ್ಟು ಹೋರಾಡಿದ್ದಾರೆಂದು ಗೊತ್ತು. ಆದರೆ ಅದೇ ಝುವಾರಿನಗರದಲ್ಲಿ ಹುಟ್ಟಿ, ಇಲ್ಲಿಯ ಶಾಲೆಯಲ್ಲಿ ಓದಿ, ಹೊರಗೆ ಕೊಂಕಣಿ, ಮನೆಯಲ್ಲಿ ಕನ್ನಡ ಆಡುವ ಇಪ್ಪತ್ತು ಇಪ್ಪತ್ತೆರಡರ ಹುಡುಗಿಯರು ಎಷ್ಟೋ ಜನ ಇದ್ದಾರೆ. ಎರಡೂ ಷರತ್ತು ಅವರಲ್ಲಿ ಪೂರೈಸುತ್ತವೆ. ಈಗ ಅವರು ಮೊಬೈಲ್ ಅಂಗಡಿಯಲ್ಲೋ ಗೋಡಂಬಿ ಕಾರ್ಖಾನೆಯಲ್ಲೋ ದುಡಿಯುತ್ತಿದ್ದಾರೆ. ಅವರ ಕನ್ನಡವನ್ನು ಆರೋಗ್ಯ ಇಲಾಖೆ ಒಂದು ಅರ್ಹತೆ ಎಂದು ಎಣಿಸಿ, ಅಗತ್ಯ ತರಬೇತಿ ಕೊಟ್ಟು, ಸಂಬಳಕ್ಕೆ ನೇಮಿಸಿಕೊಂಡರೆ ಸಿಸ್ಟರ್ ಜೊತೆ ಸೈಟಿಗೆ ಹೋಗಲು ಜನ ಸಿಕ್ಕಂತಾಯಿತು. ಸಂಬಳ ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಆಶಾಗಳಿಗೆ ಗೌರವಧನ, ಪ್ರೋತ್ಸಾಹಧನ ಎಂದು ಕೊಟ್ಟು ಅವರನ್ನು ಇಪ್ಪತ್ತು ವರ್ಷ ಬೀದಿಗಿಳಿಸಿದ್ದನ್ನು ನೋಡಿದ್ದೇವೆ. ಅದನ್ನೇ ಇಲ್ಲಿ ಮತ್ತೊಮ್ಮೆ ಮಾಡುವುದು ಬೇಡ.

ಹಿಂದಿ ಸಾಲದೇ ಎಂದು ಕೇಳುವವರಿದ್ದಾರೆ. ಗಂಡಸರಿಗೆ ಸೈಟಿನ ಹಿಂದಿ ಬರುತ್ತದೆ: ಇಟ್ಟಿಗೆ ತಾ, ಮಾಲು ಕಲಸು, ಎಷ್ಟು ಹಾಜರಿ. ಮೈಯೊಳಗಿನ ನೋವು ಹೇಳಿಕೊಳ್ಳುವಷ್ಟು ಹಿಂದಿ ಅವರಲ್ಲೂ ಬಹಳ ಜನಕ್ಕಿಲ್ಲ. ಹೆಂಗಸರಿಗಂತೂ ಅದೂ ಇಲ್ಲ.

ಇಷ್ಟು ಹೊತ್ತು ಹೇಳಿದ್ದು ರೋಗದ ಕಡೆಯ ಮಾತು. ಅದೇ ಶೆಡ್ಡಿನವರ ಕೆಲಸದ ಸುರಕ್ಷತೆ ಇನ್ನೊಂದು ಇಲಾಖೆಗೆ, ಇನ್ನೊಂದು ಕಾನೂನಿಗೆ ಸೇರಿದ್ದು. ಸುರಕ್ಷತೆಯವರು ಎತ್ತರದಿಂದ ಬೀಳದಂತೆ ಕಟ್ಟಿಕೊಳ್ಳುವ ಬೆಲ್ಟು ನೋಡುತ್ತಾರೆ, ಸೊಳ್ಳೆ ಅವರ ಪಟ್ಟಿಯಲ್ಲಿಲ್ಲ. ಆರೋಗ್ಯದವರು ಸೊಳ್ಳೆ ನೋಡುತ್ತಾರೆ, ಬೆಲ್ಟು ಅವರ ಕೆಲಸವಲ್ಲ. ಜ್ವರ ಪೂರ್ತಿ ಬಿಡದ ಹುಡುಗ ಮೂರನೇ ಮಹಡಿಯ ಸಾರುವೆ ಹತ್ತಿದರೆ ತಲೆ ತಿರುಗಿ ಬೀಳುತ್ತಾನೆ. ಅದನ್ನು ಯಾವ ಇಲಾಖೆಯ ರಿಜಿಸ್ಟರಿನಲ್ಲಿ ಬರೆಯಬೇಕು?

ಆ ಸೈಟಿನಲ್ಲೇ ಬೆಳಿಗ್ಗೆ ಎಂಟಕ್ಕೆ ಟೂಲ್‌ಬಾಕ್ಸ್ ಟಾಕ್ ನಡೆಯುತ್ತಿತ್ತು. ಕೆಲಸ ಶುರುವಾಗುವ ಮುಂಚೆ ಹತ್ತು ನಿಮಿಷ ಸುರಕ್ಷತೆಯ ಮಾತು ಹೇಳುವ ಪದ್ಧತಿ ಇದು. ಒಳ್ಳೆಯ ಪದ್ಧತಿ. ನಮ್ಮ ಬಾಲ್ಕನಿಗೆ ಎಲ್ಲ ಕೇಳಿಸುತ್ತಿತ್ತು. ಸೂಪರ್‌ವೈಸರ್ ಹಿಂದಿ ಬೆರೆಸಿದ ಇಂಗ್ಲಿಷಿನಲ್ಲಿ ಓದುವಂತೆ ಹೇಳಿ ಮುಗಿಸುತ್ತಿದ್ದ, ಎಲ್ಲರೂ ಸಾಲಾಗಿ ಬಂದು ಸಹಿ ಅಥವಾ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರು. ಒಮ್ಮೆ ಸಾರುವೆಯ ಮೇಲೆ ಪ್ಲಾಸ್ಟರ್ ಮಾಡುತ್ತಿದ್ದ ಹುಡುಗನ ಬೆನ್ನಿಗೆ ಬೆಲ್ಟಿತ್ತು, ಅದರ ಹುಕ್ಕು ಸೊಂಟದ ಬಳಿ ಜೋಲಾಡುತ್ತಿತ್ತು. ಸಂಜೆ ಕೇಳಿದೆ. "ಬೆಲ್ಟ್ ಹಾಕ್ಕೋ ಅಂದ್ರು, ಹಾಕ್ಕೊಂಡೀನ್ರಿ. ಹುಕ್ಕು ಎದಕ್ ಹಾಕ್ಬೇಕು ಅಂತ ಯಾರೂ ಹೇಳಿಲ್ರಿ." ಹೋಗಿ ನೋಡಿದರೆ ಹುಕ್ಕು ಸಿಕ್ಕಿಸಲು ಅಲ್ಲಿ ಹಗ್ಗವಾಗಲಿ ಗಟ್ಟಿ ಪೈಪಾಗಲಿ ಇರಲೇ ಇಲ್ಲ. ಸುರಕ್ಷತೆ ಕಲಿತ ಒಬ್ಬ ಮನುಷ್ಯ ಅಲ್ಲಿದ್ದಿದ್ದರೆ ಮೊದಲ ನೋಟಕ್ಕೇ ಹಿಡಿಯುತ್ತಿದ್ದ.

ಅಂಥ ಮನುಷ್ಯ ಇರಲೇಬೇಕು ಎಂದು ಕಾನೂನು ಎಲ್ಲಿ ಹೇಳುತ್ತದೆ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆಯ ಪ್ರಕಾರ ಕಾರ್ಖಾನೆಯಲ್ಲಿ 500 ಕೆಲಸಗಾರರಿದ್ದರೆ, ಅಪಾಯಕಾರಿ ಕಾರ್ಖಾನೆಯಲ್ಲಿ 250 ಇದ್ದರೆ, ಕಟ್ಟಡ ನಿರ್ಮಾಣದಲ್ಲಿ 250 ಇದ್ದರೆ ಸುರಕ್ಷತಾ ಅಧಿಕಾರಿ ಕಡ್ಡಾಯ. ಮೊದಲಿನ ಕಾರ್ಖಾನೆ ಕಾಯ್ದೆಯಲ್ಲಿ ಈ ಸಂಖ್ಯೆ ಸಾವಿರವಿತ್ತು. ಆ ಲೆಕ್ಕಕ್ಕೆ ಇದು ಮುಂದಿಟ್ಟ ಹೆಜ್ಜೆಯೇ. ನೇಮಕಾತಿ ಪತ್ರ ಕಡ್ಡಾಯ ಮಾಡಿದ್ದೂ ಒಳ್ಳೆಯದು. ಆದರೆ ಗೋವಾದಲ್ಲಿ ನಮ್ಮವರು ದುಡಿಯುವ ಸೈಟುಗಳಲ್ಲಿ ಹದಿನೈದು, ಇಪ್ಪತ್ತು, ನಲವತ್ತು ಜನ. ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ನಲವತ್ತು ದಾಟಿದವರಿಗೆ ಎಂದಿದೆ. ಸಾರುವೆ ಹತ್ತುವ ಹುಡುಗರ ವಯಸ್ಸು ಇಪ್ಪತ್ತರ ಆಸುಪಾಸು.

ತರಬೇತಿ ಕೊಡುವ ಸಂಸ್ಥೆಗಳು ನಮ್ಮಲ್ಲಿಲ್ಲವೆಂದಲ್ಲ. ಮುಂಬಯಿಯ ಸಾಯನ್‌ನಲ್ಲಿರುವ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್ ಸುರಕ್ಷತಾ ಅಧಿಕಾರಿಗಳಿಗೆ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ. ಎಂಬಿಬಿಎಸ್ ಮುಗಿಸಿದ ವೈದ್ಯರು ಕಾರ್ಖಾನೆ ವೈದ್ಯರಾಗಲು ಮೂರು ತಿಂಗಳ ಎಎಫ್‌ಐಎಚ್ ಕೋರ್ಸೂ ಅಲ್ಲಿದೆ. 1966ರ ಮಾರ್ಚ್ 4ರಂದು ಹುಟ್ಟಿದ ರಾಷ್ಟ್ರೀಯ ಸುರಕ್ಷತಾ ಮಂಡಳಿಯ ಮುಖ್ಯ ಕಚೇರಿ ನವಿ ಮುಂಬಯಿಯಲ್ಲಿದೆ. ಇವರೆಲ್ಲ ತಯಾರುಮಾಡುವ ಜನ ದೊಡ್ಡ ಕಾರ್ಖಾನೆಗಳಿಗೆ ಹೋಗುತ್ತಾರೆ. ಸಣ್ಣ ಸೈಟಿನಲ್ಲಿ ಇಡೀ ದಿನ ಕಾಲೂರಿ ನಿಂತಿರುವವನು ಮೇಸ್ತ್ರಿ. ಅವನು ಹೂಂ ಅಂದರೆ ಹಗ್ಗ ಬರುತ್ತದೆ, ನೀರು ಬರಿದಾಗುತ್ತದೆ, ಜ್ವರದವನಿಗೆ ರಜೆ ಸಿಗುತ್ತದೆ. ಅವನಿಗೆ ಕಲಿಸುವವರು ಯಾರೂ ಇಲ್ಲ. ಸುರಕ್ಷತೆಯ ತರಬೇತಿಗೆ ಒಂದೇ ಒಂದು ರೂಪಾಯಿ ಹೆಚ್ಚು ಸಿಗುವುದಾದರೆ ಅದನ್ನು ಮೇಸ್ತ್ರಿಗಳ ಮೇಲೆ ಹಾಕಬೇಕು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಎರಡು ದಿನದ ತರಬೇತಿ, ಅವನ ಭಾಷೆಯಲ್ಲಿ, ಆ ಎರಡು ದಿನದ ಹಾಜರಿ ಕೊಟ್ಟು.

ಹಣ ಎಲ್ಲಿಂದ ಎಂದರೆ, ಅದಕ್ಕೆಂದೇ ಎತ್ತುವ ಹಣವಿದೆ. 1996ರ ಕಾಯ್ದೆಯಿಂದೀಚೆಗೆ ಕಟ್ಟಡ ವೆಚ್ಚದ ಶೇ. 1ರಷ್ಟನ್ನು ಸೆಸ್ ಎಂದು ವಸೂಲು ಮಾಡಿ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹಾಕುತ್ತಾರೆ. ಈ ಹಣ ರಾಜ್ಯಗಳಲ್ಲಿ ಖರ್ಚಾಗದೆ ಬಿದ್ದಿರುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಕಟುವಾಗಿಯೇ ಹೇಳಿತು. ಆ ಮಂಡಳಿಯಲ್ಲಿ ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ಇಂದು ವೆರ್ಣಾ, ಬರುವ ತಿಂಗಳು ಪರ್ವರಿ, ಸುಗ್ಗಿಗೆ ಊರು ಎಂದು ಓಡಾಡುವವರಿಗೆ ಆ ದಾಖಲೆ ಬರೆದುಕೊಡುವವರು ಸಿಗುವುದಿಲ್ಲ.

ಕಲಿಸದೆ ಬಿಟ್ಟದ್ದರ ಬೆಲೆ ಎಷ್ಟೆಂದು ಗೋವಾ ಕಂಡಿದೆ. 2014ರ ಜನವರಿಯಲ್ಲಿ ಕಾಣಕೋಣದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದು ಕುಸಿದು ದುಡಿಯಲು ಬಂದವರ ದೊಡ್ಡ ಗುಂಪೇ ಅಡಿಯಲ್ಲಿ ಸಿಕ್ಕಿ ಸತ್ತಿತು. 2025ರ ಡಿಸೆಂಬರ್ 6ರ ನಡುರಾತ್ರಿ ಅರ್ಪೋರಾದ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 25 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಪ್ರವಾಸಿಗರಲ್ಲ, ಅಲ್ಲಿಯ ಸಿಬ್ಬಂದಿ. ಹಲವರು ನೆಲಮಾಳಿಗೆಯಲ್ಲಿ ಹೊಗೆಗೆ ಉಸಿರುಗಟ್ಟಿದರು. ಪರವಾನಗಿ ಯಾರು ಕೊಟ್ಟರು, ಯಾರು ಕಣ್ಮುಚ್ಚಿದರು ಎಂಬ ಚರ್ಚೆ ನಡೆಯಿತು, ನಡೆಯಲೇಬೇಕು. ಬೆಂಕಿ ಬಿದ್ದರೆ ಯಾವ ಬಾಗಿಲಿಗೆ ಓಡಬೇಕೆಂದು ಪಾತ್ರೆ ತೊಳೆಯುವ ಹುಡುಗನಿಗೆ ಅವನ ಮಾತಿನಲ್ಲಿ ಹೇಳಿಕೊಟ್ಟಿದ್ದರೇ ಎಂಬ ಪ್ರಶ್ನೆ ಆ ಗಲಾಟೆಯಲ್ಲಿ ಕೇಳಿಸಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಮಲೆನಾಡಿನ ಕಡೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಅದರ ವೈರಸ್ ಗುರುತಿಸಿದರು. ಅದೇ ಮಂಗನ ಕಾಯಿಲೆ 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನ ಪಾಳಿಯಲ್ಲಿ ಕಾಣಿಸಿತು. ಉಣ್ಣೆ ಕಡಿತದಿಂದ ಬರುವ ಈ ರೋಗ ಗೇರುತೋಟದಲ್ಲಿ ಹಣ್ಣು ಆಯುವವರನ್ನು ಹಿಡಿಯಿತು. ಇದು ಕಾಡಿನ ರೋಗವೇ, ಕೆಲಸದ ರೋಗವೇ? ಸುಮಾರು 1700ರಲ್ಲೇ ಇಟಲಿಯ ವೈದ್ಯ ಬರ್ನಾರ್ಡಿನೋ ರಮಝಿನಿ ರೋಗಿಯ ಬಳಿ ಕೂತಾಗ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿ ಎಂದು ವೈದ್ಯರಿಗೆ ಹೇಳಿದ್ದ: ನೀನು ಮಾಡುವ ಕೆಲಸವೇನು? ನಾನು ಜೊತೆಗೆ ಹೋದ ದವಾಖಾನೆಗಳಲ್ಲಿ ಕಂಡ ಕೇಸ್ ಪೇಪರುಗಳಲ್ಲಿ ಹೆಸರು, ವಯಸ್ಸು, ವಿಳಾಸ ಇದ್ದವು. ಕೆಲಸ ಏನೆಂದು ಯಾರೂ ಕೇಳಿದ್ದು ನೆನಪಿಲ್ಲ. ಕಲ್ಲು, ಟೈಲ್ಸ್ ಕತ್ತರಿಸುವವನ ಕೆಮ್ಮನ್ನು ಟಿಬಿ ಎಂದು ಬರೆದು ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಡುವುದು, ಆಮೇಲೆ ಅದು ಕಲ್ಲಿನ ಧೂಳಿನಿಂದ ಶ್ವಾಸಕೋಶ ಕೆಡುವ ಸಿಲಿಕೋಸಿಸ್ ಎಂದು ಗೊತ್ತಾಗುವುದು ದೇಶದ ತುಂಬ ನಡೆದಿದೆ. ಒಂದು ಪ್ರಶ್ನೆ ಕೇಳಲು ಕಲಿಸಿದರೆ ಸಾಕಿತ್ತು.

ಬೆಂಬಲದ ಮಾತನ್ನೂ ಆಡಬೇಕು. ಆ ಸಿಸ್ಟರ್ ಕಾಂಟ್ರ್ಯಾಕ್ಟಿನ ಮೇಲಿದ್ದವರು. ಪ್ರತಿ ವರ್ಷ ಕಾಗದ ಬದಲಾಗುವವರೆಗೆ ಎದೆ ಡವಡವ ಎನ್ನುತ್ತದೆ ಅಂದರು. ರಕ್ತದ ಸ್ಲೈಡ್ ತೆಗೆಯುವಾಗ ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಮೊದಲೇ ಆಗಿರಬೇಕು. ಅವರಿಗೆ ಎರಡು ಡೋಸ್ ಆಗಿತ್ತು, ಮೂರನೆಯದಕ್ಕೆ ನೆನಪಿಸುವವರಿರಲಿಲ್ಲ. ಬೇರೆಯವರ ಮಕ್ಕಳ ಲಸಿಕೆಯ ದಿನಾಂಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡ ಹೆಂಗಸು ಅವರು. ಇಂಥವರು ಎರಡು ವರ್ಷದಲ್ಲಿ ಬೇಸತ್ತು ಖಾಸಗಿ ಆಸ್ಪತ್ರೆಗೆ ಹೋದರೆ ಅವರ ಜೊತೆ ಆ ಸೈಟುಗಳ ಪರಿಚಯ, ಯಾವ ಶೆಡ್ಡಿನಲ್ಲಿ ಯಾರಿದ್ದಾರೆಂಬ ತಿಳಿವಳಿಕೆ ಎಲ್ಲವೂ ಹೋಗುತ್ತದೆ. ಹೊಸಬರಿಗೆ ಮೊದಲಿನಿಂದ ಕಲಿಸಬೇಕು.

ಆ ಸಂಜೆಗೆ ಮರಳುತ್ತೇನೆ. ಬಸುರಿಲ್ಲ ಎಂದು ಖಾತ್ರಿ ಮಾಡಿಕೊಂಡು ಸಿಸ್ಟರ್ ಗುಳಿಗೆಯನ್ನು ಮತ್ತೆ ಮೊದಲಿನಿಂದ ಕೊಟ್ಟರು. ನಾನು ಕನ್ನಡದಲ್ಲಿ ಹೇಳಿದೆ. ಅವಳು ಒಲೆಯ ಇದ್ದಿಲು ತಂದು ಶೆಡ್ಡಿನ ತಗಡಿನ ಮೇಲೆ ಹದಿನಾಲ್ಕು ಗೀಟು ಎಳೆದು, ದಿನಕ್ಕೊಂದರಂತೆ ಅಡ್ಡಗೀಟು ಹಾಕುತ್ತೇನೆ ಅಂದಳು. ಆರು ಗೀಟು ಮುಗಿದಿದ್ದವು, ನಾಗರ ಪಂಚಮಿ ಬಂತು. ಅಣ್ಣ ಕರೆಯಲು ಬಂದಿದ್ದ. ತವರಿಗೆ ಹೋಗದೆ ಇರುವ ಮಾತೇ ಇಲ್ಲ.

"ಅಲ್ಲಿ ಮರೆತ್ರ ಯಾರ್ ನೆಪ್ಪ ಮಾಡ್ತಾರ್ರಿ ಅಕ್ಕಾರ?" ಎಂದು ಅವಳೇ ಕೇಳಿದಳು. ಸಿಸ್ಟರ್‌ಗೆ ಫೋನು ಮಾಡಿದೆ. ರೋಗಿ ಕರ್ನಾಟಕಕ್ಕೆ ಹೋದರೆ ಅಲ್ಲಿ ಯಾರಿಗೆ ಹೇಳಬೇಕೆಂದು ಅವರಿಗೆ ಯಾರೂ ತಿಳಿಸಿಕೊಟ್ಟಿರಲಿಲ್ಲ. ಕೊನೆಗೆ ಹೊಳೆದು, ನಿಮ್ಮೂರಲ್ಲಿ ಆಶಾ ಯಾರಮ್ಮಾ ಎಂದು ಇವಳನ್ನೇ ಕೇಳಿದೆ. ಅವಳ ಅತ್ತಿಗೆಗೆ ಮೂರು ತಿಂಗಳ ಹಿಂದೆ ಹೆರಿಗೆಯಾಗಿತ್ತು, ನಂಬರು ಅವಳ ಫೋನಿನಲ್ಲೇ ಇತ್ತು. ಹಚ್ಚಿದೆ. ಗೋವಾದಿಂದ ಮಾತಾಡುತ್ತಿದ್ದೇನೆ, ನಿಮ್ಮೂರಿನ ಮಗಳಿಗೆ ಇಲ್ಲಿ ಮಲೇರಿಯಾ ಆಗಿದೆ ಎಂದು ಶುರುಮಾಡಿದೆ. ಆ ಕಡೆಯಿಂದ ಪೂರ್ತಿ ಕೇಳುವ ಮೊದಲೇ ಪ್ರಶ್ನೆ ಬಂತು:

"ಹದಿನಾಕ್ ದಿನದ್ದಾ? ಇನ್ನ ಎಷ್ಟ ದಿನದ ಗುಳಗಿ ಉಳದಾವ್ರಿ?"